ಪ್ರಿಯ ಕನ್ಯಾನ, ವಿಷಾದಿಸುತ್ತೇವೆ

ಮಳೆಗಾಲದ ಒಂದು ಸಂಜೆ ನನಗೊಂದು ಮೇಲ್ ಬಂತು. 'ಪ್ರಿಯ ಕನ್ಯಾನ, ನಮ್ಮ ಕಂಪೆನಿಯಲ್ಲಿ ಆಸಕ್ತಿ ತೋರಿಸಿದ್ದಕ್ಕೆ ಧನ್ಯವಾದ. ಈ ಸಲ ನಿಮ್ಮ ಅರ್ಜಿಯನ್ನು ಮುಂದಕ್ಕೆ ಒಯ್ಯಲು ಆಗುತ್ತಿಲ್ಲ ಎಂದು ವಿಷಾದಿಸುತ್ತೇವೆ' ಅಂತ ಅದರ ಸಾರಾಂಶ.

ಕನ್ಯಾನ ಅಂದ್ರೆ ನಾನಲ್ಲ ಮಾರ್ರೆ, ಅದು ನಮ್ಮ ಊರು. ಬಂಟ್ವಾಳ ತಾಲೂಕಿನಲ್ಲಿ, ವಿಟ್ಲ ದಾಟಿ ಕೇರಳದ ಗಡಿ ಕಡೆಗೆ ಹೋದ್ರೆ ಸಿಗ್ತದೆ. ನಮ್ಮ ಕಡೆ ತುಂಬ ಜನಕ್ಕೆ ಹೆಸರಿನ ಮುಂದೆ ಇನಿಶಿಯಲ್ ಉಂಟು, ಹಿಂದೆ ಸರ್‌ನೇಮ್ ಇಲ್ಲ. ಆದ್ರೆ ಕಂಪೆನಿಯ ಫಾರ್ಮಿನಲ್ಲಿ 'ಲಾಸ್ಟ್ ನೇಮ್' ಎದುರು ಕೆಂಪು ನಕ್ಷತ್ರ. ಖಾಲಿ ಬಿಟ್ರೆ ಮುಂದೆ ಹೋಗ್ಲಿಕ್ಕೆ ಬಿಡುದಿಲ್ಲ. 'ಕೆ' ಅಂತ ಹಾಕಿದ್ರೆ 'ಕನಿಷ್ಠ ಎರಡು ಅಕ್ಷರ ಬೇಕು' ಅನ್ತದೆ. ಹಾಗಾಗಿ ಇನಿಶಿಯಲ್ಲಿನ ಪೂರ್ತಿ ರೂಪ, ಅಂದ್ರೆ ಊರಿನ ಹೆಸರನ್ನೇ ಹಾಕಿದೆ. ಪರಿಣಾಮ ಎಂತ? ಆ ಕಂಪೆನಿ ನನ್ನೊಬ್ಬನನ್ನಲ್ಲ, ಇಡೀ ಗ್ರಾಮವನ್ನೇ ರಿಜೆಕ್ಟ್ ಮಾಡಿತು.

ನಾನು ನಿಮ್ಮದೇ ಕಾಲೇಜಿನ ಹಳೆ ವಿದ್ಯಾರ್ಥಿ. ಕ್ಯಾಂಪಸ್‌ನಲ್ಲಿ ಸಿಕ್ಕಿದ ಮೊದಲ ಕೆಲಸ 11 ತಿಂಗಳಿಗೆ ಮುಗಿಯಿತು. ಪ್ರಾಜೆಕ್ಟ್ ನಿಂತಿತು, ನಮ್ಮನ್ನೂ ನಿಲ್ಲಿಸಿದ್ರು. ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿಕೊಂಡು ಕೂತ್ಕೊಳ್ಳುವ ಶಕ್ತಿ ಇರಲಿಲ್ಲ, ರಾತ್ರಿ ಬಸ್ಸು ಹತ್ತಿ ಊರಿಗೆ ಬಂದೆ. ಅಲ್ಲಿಂದ ಏಳು ತಿಂಗಳು ಕೆಲಸ ಹುಡುಕಿದ್ದು. ನನ್ನ ಎಕ್ಸೆಲ್ ಶೀಟಿನಲ್ಲಿ 140 ಸಾಲು ಆಗಿತ್ತು. 'ಕಂಪೆನಿ', 'ಹುದ್ದೆ', 'ಅರ್ಜಿ ಹಾಕಿದ ದಿನ' ಎಲ್ಲ ಭರ್ತಿ. 'ಉತ್ತರ' ಅನ್ನುವ ಕಾಲಂ ಮಾತ್ರ ಹೆಚ್ಚುಕಡಿಮೆ ಖಾಲಿ.

ಆ ಖಾಲಿ ಕಾಲಂ ಅನ್ನು ನಾನು ನನ್ನ ಮಾರ್ಕ್ಸ್ ಕಾರ್ಡ್ ಅಂತ ಓದಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಕೆಲಸ ಹುಡುಕುವುದು ಒಂದು ಸಿಸ್ಟಮ್. ಅದರ ಒಳಗೆ ಏನೇನು ನಡೀತದೆ ಅಂತ ಗೊತ್ತಾದ್ರೆ ಅರ್ಧ ಸಂಕಟಕ್ಕೆ ನಗು ಬರ್ತದೆ, ಉಳಿದರ್ಧಕ್ಕೆ ದಾರಿ ಕಾಣ್ತದೆ. ಫೈನಲ್ ಇಯರ್‌ನವರಿಗೆ ಇದು ಈಗಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ರೆಸ್ಯೂಮೆ ಓದುವವರು ಯಾರು?

ಮೊದಲನೇ ಹಿಂಸೆ ನಿಮಗೆಲ್ಲ ಗೊತ್ತಿರುವುದೇ. ರೆಸ್ಯೂಮೆ ಅಪ್ಲೋಡ್ ಮಾಡಿ ಅನ್ತಾರೆ. ಮಾಡಿದ ಮೇಲೆ ಅದರಲ್ಲಿ ಇರುವುದನ್ನೆಲ್ಲ ಪುನಃ ಟೈಪ್ ಮಾಡಿ ಅನ್ತಾರೆ. ಮತ್ತೆ ಆ ಪಿಡಿಎಫ್ ಯಾಕೆ ತೆಗೆದುಕೊಂಡದ್ದು, ಅಡಿಕೆ ಕಟ್ಟಲಿಕ್ಕಾ?

ಕಾರಣ ಹೀಗೆ. ಹೆಚ್ಚಿನ ದೊಡ್ಡ ಕಂಪೆನಿಗಳಲ್ಲಿ ಅರ್ಜಿ ನೇರ ಎಚ್‌ಆರ್ ಕೈಗೆ ಹೋಗುವುದಿಲ್ಲ. ಎಟಿಎಸ್, ಅಂದ್ರೆ ಅಪ್ಲಿಕೆಂಟ್ ಟ್ರ್ಯಾಕಿಂಗ್ ಸಿಸ್ಟಮ್ ಅನ್ನುವ ಸಾಫ್ಟ್‌ವೇರಿಗೆ ಹೋಗ್ತದೆ. ಅದು ಪಿಡಿಎಫ್‌ನಿಂದ ಅಕ್ಷರಗಳನ್ನು ಹೆಕ್ಕಿ ಹೆಸರು, ಓದು, ಅನುಭವ, ಕೌಶಲ ಅಂತ ಡೇಟಾಬೇಸಿನ ಖಾನೆಗಳಿಗೆ ಹಾಕ್ಬೇಕು. ಹೆಕ್ಕುವಾಗ ಆಗಾಗ ಎಡವುತ್ತದೆ, ಅದಕ್ಕೇ ನಿಮ್ಮ ಕೈಯಲ್ಲಿ ಪುನಃ ಟೈಪ್ ಮಾಡಿಸುತ್ತಾರೆ. ಎರಡು ಕಾಲಂ ಇರುವ ಚಂದದ ಟೆಂಪ್ಲೇಟ್ ಹಾಕಿದ್ರೆ ಕೆಲವು ಪಾರ್ಸರ್‌ಗಳು ಎಡಗಡೆಯ ಸಾಲಿಗೆ ಬಲಗಡೆಯ ಸಾಲು ಸೇರಿಸಿ ಓದುತ್ತವೆ. ನನ್ನ ರೆಸ್ಯೂಮೆಯಲ್ಲಿ 'ಹವ್ಯಾಸ: ಯಕ್ಷಗಾನ' ಅನ್ನುವುದರ ಪಕ್ಕದ ಕಾಲಂನಲ್ಲಿ 'ಮೂರು ತಿಂಗಳ ಇಂಟರ್ನ್‌ಶಿಪ್' ಇತ್ತು. ಒಂದು ಪೋರ್ಟಲ್ ನನ್ನನ್ನು ಯಕ್ಷಗಾನದಲ್ಲಿ ಮೂರು ತಿಂಗಳ ಇಂಟರ್ನ್ ಮಾಡಿ ಕೂರಿಸಿತ್ತು. ಇನ್ನೊಂದು, ಮೇಲ್ಗಡೆ ದೊಡ್ಡಕ್ಷರದಲ್ಲಿ ಇದ್ದ 'ಕರಿಕ್ಯುಲಮ್ ವೀಟೆ'ಯನ್ನೇ ನನ್ನ ಹೆಸರು ಅಂತ ತಿಳಿದು 'ಹಲೋ ಕರಿಕ್ಯುಲಮ್' ಅಂತ ಮೇಲ್ ಕಳಿಸಿತು.

'ಎಟಿಎಸ್ ನಮ್ಮ ರೆಸ್ಯೂಮೆ ಕಸದ ಬುಟ್ಟಿಗೆ ಹಾಕ್ತದೆ' ಅನ್ನುವ ಮಾತು ಹಾಸ್ಟೆಲಿನಲ್ಲಿ ಉಂಟು. ಅದು ಅರ್ಧ ಸತ್ಯ. ತನ್ನಷ್ಟಕ್ಕೆ ಹೊರಗೆ ಹಾಕುವುದು ಹೆಚ್ಚಾಗಿ ಫಾರ್ಮಿನ ಹೌದು-ಅಲ್ಲ ಪ್ರಶ್ನೆಗಳ ಮೇಲೆ: ಬ್ಯಾಕ್‌ಲಾಗ್ ಉಂಟಾ? ಇಂಥ ವರ್ಷದ ಬ್ಯಾಚಾ? ಬಾಕಿಯವರು ಡೇಟಾಬೇಸಿನಲ್ಲೇ ಇರ್ತಾರೆ, ಆದ್ರೆ ಯಾರೂ ಕಾಣುದಿಲ್ಲ. ರಿಕ್ರೂಟರ್ 'ಜಾವಾ, ಸ್ಪ್ರಿಂಗ್ ಬೂಟ್' ಅಂತ ಹುಡುಕಿದಾಗ ಬರುವ ಮೊದಲ ಕೆಲವು ಪುಟಗಳನ್ನು ನೋಡಿ, ಅದರಲ್ಲಿ ಸಾಕಷ್ಟು ಜನ ಸಿಕ್ಕಿದ್ರೆ ಅಲ್ಲಿಗೇ ನಿಲ್ಲಿಸ್ತಾರೆ. ನೀವು ಹಿಂದಿನ ಪುಟದಲ್ಲಿ ಇದ್ದರೆ ನಿಮ್ಮನ್ನು ಯಾರೂ ತಿರಸ್ಕರಿಸಲಿಲ್ಲ, ನಿಮ್ಮನ್ನು ಯಾರೂ ನೋಡಲೇ ಇಲ್ಲ. ಎರಡಕ್ಕೂ ತುಂಬ ವ್ಯತ್ಯಾಸ ಉಂಟು.

ಪರಿಹಾರ ಸರಳ. ಒಂದೇ ಕಾಲಂ, ಸಾದಾ ಫಾಂಟ್, ಅಕ್ಷರ ಸೆಲೆಕ್ಟ್ ಮಾಡಿ ಕಾಪಿ ಮಾಡ್ಲಿಕ್ಕೆ ಬರುವ ಪಿಡಿಎಫ್. ಅದನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಅಲ್ಲಿ ಹೇಗೆ ಕಾಣ್ತದೋ ಹೆಚ್ಚುಕಡಿಮೆ ಹಾಗೆಯೇ ಯಂತ್ರ ಓದುವುದು. ಮತ್ತೆ, ಹುದ್ದೆಯ ವಿವರಣೆಯಲ್ಲಿ ಇರುವ ಶಬ್ದ ನಿಮಗೆ ನಿಜವಾಗಿ ಗೊತ್ತಿದ್ದರೆ ಅದೇ ಶಬ್ದವನ್ನು ಬಳಸಿ.

ಇದು ಹೊಸ ಉಪಾಯ ಅಲ್ಲ. ಸುಮಾರು 1482ರಲ್ಲಿ ಲಿಯೊನಾರ್ಡೊ ಡಾ ವಿಂಚಿ ಕೆಲಸ ಕೇಳಿಕೊಂಡು ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗೆ ಒಂದು ಪತ್ರದ ಕರಡು ಸಿದ್ಧ ಮಾಡಿಕೊಂಡಿದ್ದ. ಆತನಿಗೆ ಯುದ್ಧದ ಚಿಂತೆ ಅಂತ ಇವನಿಗೆ ಗೊತ್ತಿತ್ತು. ಹಾಗಾಗಿ ಸಾಗಿಸಲು ಸುಲಭವಾದ ಸೇತುವೆ, ಫಿರಂಗಿ, ಮುಚ್ಚಿದ ರಥ ಅಂತ ಒಂದೊಂದೇ ಪಟ್ಟಿ ಮಾಡಿದ. ತಾನು ಚಿತ್ರವನ್ನೂ ಬರೆಯಬಲ್ಲೆ ಅನ್ನುವುದನ್ನು ಕೊನೆಗೆ ಸೇರಿಸಿದ. ಕೊಡುವವನಿಗೆ ಬೇಕಾದ್ದು ಮೊದಲು, ತನಗೆ ಇಷ್ಟವಾದ್ದು ಆಮೇಲೆ. ನನ್ನ ರೆಸ್ಯೂಮೆಯಲ್ಲಿ ಎಸ್‌ಕ್ಯುಎಲ್‌ಗಿಂತ ಮೇಲೆ ಯಕ್ಷಗಾನ ಇತ್ತು.

ಅತ್ತ ದರಿ, ಇತ್ತ ಪುಲಿ

ಎರಡನೇ ಹಿಂಸೆ ಆ 11 ತಿಂಗಳದ್ದು. 'ಫ್ರೆಷರ್' ಹುದ್ದೆಗೆ ಹೋದ್ರೆ 'ನೀವು ಫ್ರೆಷರ್ ಅಲ್ಲ, ಪಿಎಫ್ ನಂಬರ್ ಉಂಟಲ್ಲ' ಅನ್ತಾರೆ. 'ಅನುಭವಿ' ಹುದ್ದೆಗೆ ಹೋದ್ರೆ 'ಕನಿಷ್ಠ 2 ವರ್ಷ ಬೇಕು' ಅನ್ತಾರೆ. 'ಎಂಟ್ರಿ ಲೆವೆಲ್' ಅಂತ ಬರೆದು ಕೆಳಗೆ '3 ವರ್ಷ ಅನುಭವ' ಅಂತ ಬರೆದವರೂ ಇದ್ದಾರೆ.

ಇನ್ನೊಂದು ತಮಾಷೆ 'ಇಮ್ಮಿಡಿಯೆಟ್ ಜಾಯಿನರ್' ಅನ್ನುವುದು. ನಮ್ಮ ದೇಶದ ಐಟಿ ಕಂಪೆನಿಗಳಲ್ಲಿ ನೋಟಿಸ್ ಅವಧಿ 60 ದಿನ, 90 ದಿನ ಇರುವುದು ಸಾಮಾನ್ಯ. ಆ ಮೂರು ತಿಂಗಳಲ್ಲಿ ಅಭ್ಯರ್ಥಿ ಒಂದು ಆಫರ್ ಹಿಡಿದುಕೊಂಡು ಇನ್ನೊಂದು ಹುಡುಕ್ತಾನೆ, ಕೊನೆಯ ದಿನ ಕೈ ಕೊಡ್ತಾನೆ. ಅದಕ್ಕೆ ಹೆದರಿ ಕಂಪೆನಿಗಳು 'ನಾಳೆಯೇ ಬರುವವರು ಬೇಕು' ಅಂತ ಹಾಕ್ತವೆ. ಸರಿ, ನಾನು ಹೇಳಿದೆ, 'ಸರ್, ನಾಳೆ ಬೆಳಿಗ್ಗೆಯ ಬಸ್ಸಿಗೇ ಬರ್ತೇನೆ.' ಫೋನಿನ ಆಚೆ ಒಂದು ಕ್ಷಣ ಮೌನ. ಆಮೇಲೆ, 'ಅಷ್ಟು ಬೇಗ ಹೇಗೆ ಫ್ರೀ ಇದ್ದೀರಿ? ಏನಾದ್ರೂ ಸಮಸ್ಯೆ ಇತ್ತಾ?' ನೋಟಿಸ್ ಇದ್ದರೆ ತಡ ಆಯಿತು, ಇಲ್ಲದಿದ್ದರೆ ಸಂಶಯ ಬಂತು.

ಈ ಪ್ರಶ್ನೆಗೆ ನಾನು ಮೊದಮೊದಲು ಕಥೆ ಕಟ್ಟುತ್ತಿದ್ದೆ. ಆಮೇಲೆ ಕಲಿತದ್ದು ಒಂದೇ ಸಾಲು: 'ಪ್ರಾಜೆಕ್ಟ್ ಮುಚ್ಚಿತು, ನಮ್ಮ ತಂಡವನ್ನು ಬಿಡುಗಡೆ ಮಾಡಿದರು, ಇದು ರಿಲೀವಿಂಗ್ ಲೆಟರ್.' ಸತ್ಯ ಹೇಳಿದ್ರೆ ಮುಂದೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಹೊತ್ತಿಗೆ ಹೆದರಬೇಕಾಗಿಲ್ಲ. ಇಲ್ಲದ ಅನುಭವ ತೋರಿಸಿದವರು ಪಿಎಫ್ ದಾಖಲೆ ನೋಡುವಾಗ ಸಿಕ್ಕಿಬೀಳ್ತಾರೆ.

ಜಾಹೀರಾತುಗಳ ಬಗ್ಗೆಯೂ ಒಂದು ಮಾತು. ಕಾಣುವ ಹುದ್ದೆಗಳೆಲ್ಲ ಖಾಲಿ ಇರುವುದಿಲ್ಲ. ಭರ್ತಿ ಆದ ಮೇಲೂ ತೆಗೆಯದೆ ಬಿಟ್ಟದ್ದು ಉಂಟು. 'ಮುಂದೆ ಬೇಕಾದೀತು' ಅಂತ ರೆಸ್ಯೂಮೆ ಸಂಗ್ರಹಿಸುವುದು ಉಂಟು. ಒಂದೇ ಹುದ್ದೆಯನ್ನು ನಾಲ್ಕು ಕನ್ಸಲ್ಟೆನ್ಸಿಗಳು ನಾಲ್ಕು ಹೆಸರಿನಲ್ಲಿ ಹಾಕಿದ್ದೂ ಉಂಟು. ನನ್ನ 140 ಸಾಲುಗಳಲ್ಲಿ ನಿಜವಾದ ಹುದ್ದೆ ಎಷ್ಟಿತ್ತು ಅಂತ ದೇವರಿಗೇ ಗೊತ್ತು.

'ಒಂದಕ್ಕಿಂತ ಹೆಚ್ಚು ಮುಖ ಕಂಡುಬಂದಿದೆ'

ಮನೆಯಿಂದಲೇ ಆನ್‌ಲೈನ್ ಟೆಸ್ಟ್ ಬರೆಯುವುದು ಸುಲಭ ಅಂತ ನಗರದವರು ಹೇಳ್ಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಎಲ್ಲೋ ಒಂದು ಮರದ ಗೆಲ್ಲು ಲೈನಿನ ಮೇಲೆ ಬಿದ್ರೆ ಕರೆಂಟ್ ಹೋಯಿತು, ಹಿಂದೆಯೇ ನೆಟ್ಟೂ ಹೋಯಿತು. ಮನೆಯ ಒಂದು ಮೂಲೆಯಲ್ಲಿ ನಿಂತ್ರೆ ಮೊಬೈಲು ಗಡಿಯಾಚೆಯ ಟವರ್ ಹಿಡಿದು ಕೇರಳಕ್ಕೆ ಸ್ವಾಗತ ಕೋರ್ತದೆ. ಜಾಬ್ ಆ್ಯಪ್ ಕೂಡ ಅದನ್ನೇ ನಂಬಿ ಕಾಸರಗೋಡಿನ ಕೆಲಸಗಳನ್ನು ತೋರಿಸ್ಲಿಕ್ಕೆ ಶುರು ಮಾಡಿತು.

ಒಂದು ಟೆಸ್ಟಿನ ನಡುವೆ ಕೆಂಪು ಎಚ್ಚರಿಕೆ ಬಂತು: 'ಒಂದಕ್ಕಿಂತ ಹೆಚ್ಚು ಮುಖ ಕಂಡುಬಂದಿದೆ.' ಕೋಣೆಯಲ್ಲಿ ನಾನೊಬ್ಬನೇ. ಹಿಂದೆ ತಿರುಗಿ ನೋಡಿದ್ರೆ ಗೋಡೆಯಲ್ಲಿ ಯಕ್ಷಗಾನದ ಕ್ಯಾಲೆಂಡರ್, ಅದರಲ್ಲಿ ಕಿರೀಟ ಕಟ್ಟಿದ ರಾಜವೇಷ. ತಿರುಗಿ ನೋಡಿದ್ದಕ್ಕೆ ಎರಡನೇ ಎಚ್ಚರಿಕೆ. ಅಷ್ಟರಲ್ಲಿ ಅಜ್ಜಿ ಬಾಗಿಲು ದೂಡಿ, 'ಮಗಾ, ಚಾ ಕುಡೀತಿಯಾ?' ಮೂರನೆಯದ್ದು. ಪರೀಕ್ಷೆ ಮುಗಿಯಿತು. ಚಾ ಕುಡಿದೆ.

ಈ ಪ್ರಾಕ್ಟರಿಂಗ್ ಸಾಫ್ಟ್‌ವೇರ್ ಮಾಡುವುದು ಇಷ್ಟೇ: ವೆಬ್‌ಕ್ಯಾಮಿನ ಚೌಕಟ್ಟಿನಲ್ಲಿ ಮುಖದ ಆಕಾರ ಎಷ್ಟುಂಟು ಅಂತ ಎಣಿಸ್ತದೆ, ಕಣ್ಣು ಮತ್ತು ತಲೆ ಯಾವ ದಿಕ್ಕಿಗೆ ಅಂತ ಅಂದಾಜು ಮಾಡ್ತದೆ, ಬೇರೆ ವಿಂಡೋ ತೆರೆದ್ರೆ ದಾಖಲಿಸ್ತದೆ. ಮುಖ ಜೀವಂತದ್ದಾ, ಕ್ಯಾಲೆಂಡರಿನದ್ದಾ ಅಂತ ಅದಕ್ಕೆ ಪ್ರತಿ ಸಲ ಗೊತ್ತಾಗುವುದಿಲ್ಲ. ಹಾಗಾಗಿ ಬೋಳು ಗೋಡೆಯ ಎದುರು ಕೂತ್ಕೊಳ್ಳಿ, ಬಾಗಿಲಿಗೆ ಚಿಲಕ ಹಾಕಿ, ಇನ್ನೊಂದು ಕಂಪೆನಿಯ ಸಿಮ್‌ನ ಹಾಟ್‌ಸ್ಪಾಟ್ ತಯಾರಿಡಿ. ಕರೆಂಟ್ ಹೋಗಿ ಟೆಸ್ಟ್ ನಿಂತ್ರೆ ಅದೇ ಗಂಟೆಯಲ್ಲಿ ಸ್ಕ್ರೀನ್‌ಶಾಟ್ ಸಮೇತ ಅವರ ಸಹಾಯವಾಣಿಗೆ ಬರೆಯಿರಿ. ನನಗೆ ಒಮ್ಮೆ ಹಾಗೆ ಬರೆದದ್ದಕ್ಕೆ ಇನ್ನೊಂದು ಅವಕಾಶ ಸಿಕ್ಕಿತು. ಕೇಳದೆ ಇದ್ದಿದ್ದರೆ ಸಿಗುತ್ತಿರಲಿಲ್ಲ.

ಮೂವತ್ತು ಸಾವಿರ ಇಪ್ಪತ್ತೆರಡಾಗುವ ಲೆಕ್ಕ

ಇಷ್ಟೆಲ್ಲ ದಾಟಿ ಆಫರ್ ಬಂತು ಅಂತಿಟ್ಟುಕೊಳ್ಳಿ. 'ಸಿಟಿಸಿ 3.6 ಲಕ್ಷ.' ಮನೆಯವರು 12ರಿಂದ ಭಾಗಿಸಿ 'ತಿಂಗಳಿಗೆ ಮೂವತ್ತು ಸಾವಿರ' ಅಂತ ಊರಿಗೆಲ್ಲ ಹೇಳಿ ಆಗಿರ್ತದೆ. ಸಿಟಿಸಿ ಅಂದ್ರೆ ಕಂಪೆನಿಗೆ ನೀವು ಬೀಳುವ ಖರ್ಚು, ನಿಮ್ಮ ಕೈಗೆ ಬರುವ ಸಂಬಳ ಅಲ್ಲ.

ಒಂದು ಉದಾಹರಣೆ ಮಾಡುವ. ಮೂಲ ವೇತನ ತಿಂಗಳಿಗೆ ₹15,000 ಅಂತಿರಲಿ. ಕಂಪೆನಿಯ ಪಾಲಿನ ಪಿಎಫ್ 12%, ಅಂದ್ರೆ ವರ್ಷಕ್ಕೆ ₹21,600. ಗ್ರಾಚ್ಯುಟಿಗೆ ಮೂಲ ವೇತನದ 4.81%, ಅಂದ್ರೆ ಸುಮಾರು ₹8,658. ವೇರಿಯೆಬಲ್ ಪೇ 10% ಇದ್ದರೆ ₹36,000. ವಿಮೆಗೆ ₹6,000 ಅಂತ ಹಿಡಿಯುವ. ಇವೆಲ್ಲ 3.6 ಲಕ್ಷದ ಒಳಗೇ. ಕಳೆದ್ರೆ ಉಳಿಯುವುದು ₹2,87,742, ತಿಂಗಳಿಗೆ ಸುಮಾರು ₹23,978. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ₹1,800 ಹೋದ್ರೆ ಕೈಗೆ ₹22,178. ಪಿಎಫ್ ನಿಮ್ಮದೇ ದುಡ್ಡು, ಹಾಳಾಗುವುದಿಲ್ಲ. ಆದ್ರೆ ಪಿಜಿಯವರು ಪಿಎಫ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಎಚ್‌ಆರ್ ಹತ್ರ ನಾಚಿಕೆ ಇಲ್ಲದೆ ಕೇಳಿ: 'ಕೈಗೆ ಎಷ್ಟು ಬರ್ತದೆ? ವೇರಿಯೆಬಲ್ ಯಾವಾಗ, ಯಾವ ಆಧಾರದ ಮೇಲೆ ಕೊಡ್ತೀರಿ? ಬಾಂಡ್ ಉಂಟಾ?'

ಅಡಿಕೆ ಮಾರಿದ ದುಡ್ಡು

ಈ ಭಾಗ ಬರೆಯುವಾಗ ನನಗೆ ನಗು ಬರುವುದಿಲ್ಲ.

ಐದನೇ ತಿಂಗಳು. ಅಷ್ಟರಲ್ಲಿ ನಾನು ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದೆ. ಅಂಗಡಿಯಲ್ಲಿ ಒಬ್ಬರು, ಬಸ್ಸಿನಲ್ಲಿ ಒಬ್ಬರು, 'ದಾನೆ, ಬೇಲೆ ತಿಕ್ಕ್‌ಂಡಾ?' ಅಂತ ಕೇಳುವುದು. ಪ್ರೀತಿಯಲ್ಲೇ ಕೇಳುವುದು, ಆದ್ರೂ ಉತ್ತರ ಕೊಡ್ಲಿಕ್ಕೆ ಆಗುದಿಲ್ಲ. ಆಗ ಒಂದು ಫೋನ್ ಬಂತು. ದೊಡ್ಡ ಕಂಪೆನಿಯೊಂದರ ಹೆಸರು ಹೇಳಿ, ನೀವು ಆಯ್ಕೆ ಆಗಿದ್ದೀರಿ, ಲ್ಯಾಪ್‌ಟಾಪಿಗೆ ₹12,500 ಡೆಪಾಸಿಟ್ ಕಟ್ಟಿ, ಮೊದಲ ಸಂಬಳದ ಜೊತೆ ವಾಪಸ್ ಬರ್ತದೆ ಅಂದ್ರು. ಸೀಲು ಹಾಕಿದ ಆಫರ್ ಲೆಟರ್ ವಾಟ್ಸ್ಆ್ಯಪಿಗೇ ಬಂತು.

ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡ್ರು. ಆ ವಾರವಷ್ಟೇ ಅಡಿಕೆ ಮಾರಿ ದುಡ್ಡು ತಂದಿಟ್ಟಿದ್ರು. 'ಕಟ್ಟಿ ಬಿಡುವ ಮಗಾ, ಕೆಲಸ ಆಗ್ತದಲ್ಲ' ಅಂದ್ರು.

ಅದು ಮೋಸ ಅಂತ ನನಗೆ ಮೊದಲ ನೋಟಕ್ಕೇ ಗೊತ್ತಾಗಿತ್ತು. ಇಂಟರ್ವ್ಯೂ ಇಲ್ಲದೆ ಆಫರ್, ಕಂಪೆನಿಯ ಡೊಮೈನಿನಲ್ಲಿ ಒಂದು ಹೆಚ್ಚುವರಿ ಅಡ್ಡಗೆರೆ, 'ಬೆಂಗಳೂರು' ಸ್ಪೆಲ್ಲಿಂಗ್ ತಪ್ಪು. ಆದ್ರೂ ಅದು ನಿಜ ಆಗಿರಲಿ ಅಂತ ನಾನು ಎರಡು ದಿನ ಸುಮ್ಮನೆ ಕೂತೆ. ನಾಳೆ ಪೇಟೆಗೆ ಹೋಗಿ 'ಹೌದು, ಕೆಲಸ ಆಯ್ತು' ಅನ್ನುವ ಆಸೆ ಅಷ್ಟಿತ್ತು. ಮೋಸಗಾರರು ಲಾಭ ಪಡೆಯುವುದು ನಮ್ಮ ಅಜ್ಞಾನದಿಂದ ಅಲ್ಲ, ಈ ಆಸೆಯಿಂದ. ಮೂರನೇ ದಿನ ಕಂಪೆನಿಯ ನಿಜವಾದ ವೆಬ್‌ಸೈಟಿನ ನಂಬರಿಗೆ ಫೋನ್ ಮಾಡಿದೆ. ಅಂಥ ಲೆಟರ್ ಅವರು ಕಳಿಸಿಯೇ ಇರಲಿಲ್ಲ. ಅಪ್ಪನಿಗೆ ಹೇಳಿದಾಗ ಅವರು ಏನೂ ಹೇಳಲಿಲ್ಲ, ದುಡ್ಡನ್ನು ಕಪಾಟಿನಲ್ಲಿಟ್ಟು ತೋಟಕ್ಕೆ ಹೋದ್ರು.

ಕೆಲಸ ಕೊಡುವವರು ದುಡ್ಡು ಕೇಳಿದ್ರೆ ಅದು ಕೆಲಸ ಅಲ್ಲ. ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟು ಆ ಖಾತೆಯಲ್ಲೇ ದುಡ್ಡು ತಡೆಯುವ ಸಾಧ್ಯತೆ ಹೆಚ್ಚು. ಗಲ್ಫಿಗೆ ಹೋಗುವವರು ನಮ್ಮ ಜಿಲ್ಲೆಯಲ್ಲಿ ತುಂಬ ಜನ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ಎಮಿಗ್ರೇಶನ್ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಕೊಂಡಿರಬೇಕು. ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವರ ಹೆಸರು ಉಂಟಾ ಅಂತ ನೋಡಬಹುದು. 'ಡೇಟಾ ಎಂಟ್ರಿ ಕೆಲಸ' ಅಂತ ನಂಬಿ ಕಾಂಬೋಡಿಯಾ, ಮ್ಯಾನ್ಮಾರ್‌ಗಳಿಗೆ ಹೋಗಿ, ಅಲ್ಲಿ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಸಿಕ್ಕಿಬಿದ್ದ ಭಾರತೀಯರನ್ನು ಸರ್ಕಾರ ಬಿಡಿಸಿ ತರಬೇಕಾಗಿ ಬಂದದ್ದು ನಿಮಗೂ ನೆನಪಿರಬಹುದು.

ಒಂದು ಸಣ್ಣ ಆಸರೆಯೂ ಉಂಟು. ಪದವಿ ಮುಗಿಸಿ 6 ತಿಂಗಳಾದರೂ ಕೆಲಸ ಸಿಗದ ಅರ್ಹರಿಗೆ ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಗರಿಷ್ಠ 2 ವರ್ಷ ಸಿಗ್ತದೆ. ಕೇಳಲಿಕ್ಕೆ ನಾಚಿಕೆ ಬೇಡ.

ಮುಂಬಯಿಯ ಮಾವ ಮತ್ತು ಖಾಲಿ ಕಾಲಂ

ಈಗ ಎಕ್ಸೆಲ್ ಶೀಟಿಗೆ ವಾಪಸ್ ಬರುವ. ಪ್ರಾಬೆಬಿಲಿಟಿ ಓದಿದ್ದೀರಲ್ಲ? ಒಂದು ಅರ್ಜಿಗೆ ಇಂಟರ್ವ್ಯೂ ಕರೆ ಬರುವ ಸಾಧ್ಯತೆ 2% ಅಂತಿಟ್ಟುಕೊಳ್ಳಿ. 50 ಅರ್ಜಿಗೂ ಒಂದೂ ಕರೆ ಬಾರದೆ ಇರುವ ಸಾಧ್ಯತೆ 0.98ರ 50ನೇ ಘಾತ, ಅಂದ್ರೆ ಸುಮಾರು 36%. ಅಂದ್ರೆ ಒಂದೇ ಯೋಗ್ಯತೆಯ 100 ಜನ 50 ಅರ್ಜಿ ಹಾಕಿದ್ರೆ, ಅದರಲ್ಲಿ 36 ಜನ ಏನೂ ತಪ್ಪು ಮಾಡದೆ ಖಾಲಿ ಕಾಲಂ ನೋಡ್ತಾ ಕೂತಿರ್ತಾರೆ. ನಾನು ಅದನ್ನು ನನ್ನ ಹಣೆಬರಹ ಅಂತ ತಿಳಿದಿದ್ದೆ.

ಆದ್ರೆ ಈ ಲೆಕ್ಕದಲ್ಲಿ ಒಂದು ಷರತ್ತು: ಪ್ರಯೋಗಗಳು ಸ್ವತಂತ್ರ ಆಗಿರಬೇಕು. ಪಾರ್ಸರಿಗೆ ಓದಲಿಕ್ಕಾಗದ ಅದೇ ರೆಸ್ಯೂಮೆಯನ್ನು 50 ಕಡೆ ಕಳಿಸಿದ್ರೆ ಅದು 50 ಪ್ರಯೋಗ ಅಲ್ಲ, ಒಂದೇ ತಪ್ಪಿನ 50 ಕಾಪಿ. ಹಾಗಾಗಿ ಹತ್ತಿಪ್ಪತ್ತು ಅರ್ಜಿಗೆ ಒಮ್ಮೆ ನಿಂತು ಏನನ್ನಾದ್ರೂ ಬದಲಿಸಿ ನೋಡಬೇಕು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ದಾರಿಯದ್ದು. ಒಂದು ರೆಫರಲ್‌ನಿಂದ ಕರೆ ಬರುವ ಸಾಧ್ಯತೆ 20% ಅಂತ ಹಿಡಿದ್ರೆ, ಬರೀ 10 ರೆಫರಲ್‌ನಲ್ಲಿ ಒಂದಾದರೂ ಕರೆ ಬರುವ ಸಾಧ್ಯತೆ ಸುಮಾರು 89%. ಕಾರಣ ಇಷ್ಟೇ: ರೆಫರಲ್ ಬಂದ ಹೆಸರನ್ನು ಹೆಚ್ಚಾಗಿ ಒಬ್ಬ ಮನುಷ್ಯ ತೆರೆದು ನೋಡ್ತಾನೆ.

ರೆಫರಲ್ ಅಂದ್ರೆ ಶಿಫಾರಸು, ಹಾಗೆ ಕೇಳುವುದು ಅವಮಾನ ಅಂತ ನಾನು ತಿಳಿದಿದ್ದೆ. ಆದ್ರೆ ನಮ್ಮ ಜಿಲ್ಲೆ ಕೆಲಸ ಹುಡುಕಿದ್ದೇ ಹೀಗೆ. ಮುಂಬಯಿಗೆ ಹೋದ ಒಬ್ಬ ಮಾವ ಊರಿಗೆ ಪತ್ರ ಬರೆಯುವುದು, ಅದನ್ನು ಹಿಡಿದು ಊರಿನ ಹುಡುಗ ಹೋಗುವುದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದುವುದು. ಆ ಪತ್ರ ಬಾಗಿಲು ತೆರೆಯುತ್ತಿತ್ತು ಅಷ್ಟೆ, ಲೋಟ ತೊಳೆಯುವುದು ಹುಡುಗನೇ.

ಇದರ ಬಗ್ಗೆ ಸಂಶೋಧನೆಯೂ ಉಂಟು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಲೇಖನದಲ್ಲಿ, ಅಮೆರಿಕದ ಬಾಸ್ಟನ್ ಹತ್ತಿರ ಪರಿಚಯದವರ ಮೂಲಕ ಕೆಲಸ ಪಡೆದವರನ್ನು ವಿಚಾರಿಸಿ ತಿಳಿದದ್ದನ್ನು ಬರೆದ. ಸುದ್ದಿ ಕೊಟ್ಟವರನ್ನು ಆಗಾಗ ಭೇಟಿ ಆಗುತ್ತಿದ್ದವರು ಸುಮಾರು 17% ಮಾತ್ರ. 56% ಜನ ಅಪರೂಪಕ್ಕೊಮ್ಮೆ, 28% ಜನ ತೀರಾ ವಿರಳವಾಗಿ ಭೇಟಿ ಆಗುತ್ತಿದ್ದರು. ಆಪ್ತ ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರ್ತದೆ, ದೂರದ ಪರಿಚಯದವರ ಲೋಕ ಬೇರೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ 5 ವರ್ಷಗಳ ಪ್ರಯೋಗದ ಫಲಿತಾಂಶ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದೂ ಹೇಳಿದ್ದು, ತೀರಾ ಹತ್ತಿರವೂ ಅಲ್ಲದ ತೀರಾ ದೂರವೂ ಅಲ್ಲದ ಪರಿಚಯಗಳೇ ಹೆಚ್ಚು ಉಪಕಾರಕ್ಕೆ ಬರುವುದು.

ನನ್ನ 'ದೂರದ ಪರಿಚಯ' ಎರಡು ಬ್ಯಾಚ್ ಮೇಲಿನ ಒಬ್ಬ ಅಕ್ಕ. ಕಾಲೇಜಿನ ರಾಜ್ಯೋತ್ಸವಕ್ಕೆ ಒಟ್ಟಿಗೆ ಕುರ್ಚಿ ಜೋಡಿಸಿದ್ದು ಬಿಟ್ರೆ ಮಾತಾಡಿದ್ದು ಕಡಿಮೆ. 'ಅಕ್ಕ, ಕೆಲಸ ಹೋಗಿದೆ, ನಿಮ್ಮಲ್ಲಿ ಈ ಹುದ್ದೆ ಕಂಡಿತು, ಇದು ನನ್ನ ರೆಸ್ಯೂಮೆ, ಸರಿ ಕಂಡ್ರೆ ಕೊಡ್ತೀರಾ?' ಅಂತ ಬರೆದೆ. ಕಳಿಸುವ ಮೊದಲು ಒಂದು ಗಂಟೆ ಹಿಂದೆಮುಂದೆ ನೋಡಿದ್ದೆ. ಅವರ ಉತ್ತರ ಹತ್ತು ನಿಮಿಷದಲ್ಲಿ ಬಂತು.

ಅಲ್ಲಿ ನಾನು ಆಯ್ಕೆ ಆಗಲಿಲ್ಲ. ಆದ್ರೆ ಯಾಕೆ ಅಂತ ಅವರು ವಿಚಾರಿಸಿ ಹೇಳಿದ್ರು: ಎಸ್‌ಕ್ಯುಎಲ್ ಜಾಯಿನ್ಸ್ ಗಟ್ಟಿ ಇಲ್ಲ. 140 ಸಾಲುಗಳಲ್ಲಿ ನನಗೆ ಸಿಕ್ಕಿದ ಮೊದಲ ನಿಜವಾದ ಉತ್ತರ ಅದು. ಮೂರು ವಾರ ಅದನ್ನೇ ಕಲಿತೆ. ಆರು ರೆಫರಲ್ ಆದ ಮೇಲೆ ಮಂಗಳೂರಿನ ಒಂದು ಸಣ್ಣ ಕಂಪೆನಿಯಲ್ಲಿ ಕೆಲಸ ಆಯಿತು. ಸಂಬಳ ಹೇಳಿಕೊಳ್ಳುವಷ್ಟಿಲ್ಲ, ಕೈಗೆ ಎಷ್ಟು ಬರ್ತದೆ ಅಂತ ಮಾತ್ರ ಮೊದಲೇ ಗೊತ್ತಿತ್ತು.

ಈಗ ನನಗೂ ಜೂನಿಯರ್‌ಗಳ ಮೆಸೇಜ್ ಬರ್ತದೆ. ನಾಳೆ ನಿಮಗೂ ಬರ್ತದೆ. 'ನಮ್ಮಲ್ಲಿ ಈಗ ಹುದ್ದೆ ಇಲ್ಲ' ಅನ್ನುವುದಾದರೂ ಸರಿ, ಒಂದು ಸಾಲು ಉತ್ತರ ಬರೆಯಿರಿ. ಅವರ ಎಕ್ಸೆಲ್ ಶೀಟಿನಲ್ಲಿ ಒಂದು ಖಾನೆ ತುಂಬ್ತದೆ.

ಸೇರಿದ ದಿನ ಇಲ್ಲಿಯೂ ಒಂದು ಫಾರ್ಮ್ ಕೊಟ್ರು. ಲಾಸ್ಟ್ ನೇಮ್ ಎದುರು ಅದೇ ಕೆಂಪು ನಕ್ಷತ್ರ. ಯೋಚನೆ ಮಾಡದೆ ಊರಿನ ಹೆಸರು ಹಾಕಿದೆ. ಐಡಿ ಕಾರ್ಡಿನಲ್ಲಿ ಅದೇ ದಪ್ಪಕ್ಷರದಲ್ಲಿ ಬಂತು. ಈಗ ಆಫೀಸಿನಲ್ಲಿ ಎಲ್ಲರೂ ನನ್ನನ್ನು ಕನ್ಯಾನ ಅಂತಲೇ ಕರೀತಾರೆ. ಅಂತೂ ಗ್ರಾಮಕ್ಕೆ ಕೆಲಸ ಆಯಿತು.